ಜೋಡಿ ಬೀಗ ಮತ್ತು ಕಮಾಂಡ್ ಲೈನ್: ಹೋಬಳಿ ಊರಿನ ವ್ಯವಹಾರ ತಂತ್ರಾಂಶಗಳಲ್ಲಿ ಅಡ್ಮಿನ್ ಅಧಿಕಾರದ ಪ್ರಶ್ನೆ

ಸಂಸ್ಥೆಯೊಂದರ ಲೆಕ್ಕ, ದಾಸ್ತಾನು, ಖರೀದಿ, ಮಾರಾಟ, ಸಂಬಳ, ಸಾಲ ಮುಂತಾದ ದಿನನಿತ್ಯದ ವಹಿವಾಟನ್ನು ಒಂದೇ ದತ್ತಾಂಶಕೋಶದಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ಕಟ್ಟುನಿಟ್ಟಾದ ಕಡತಗಳ ಕಪಾಟಿನಲ್ಲಿ, ದಾಖಲಿಸುವ ವ್ಯವಸ್ಥೆಯನ್ನು ಈ ಲೇಖನದಲ್ಲಿ ವ್ಯವಹಾರ ತಂತ್ರಾಂಶ ಎಂದು ಕರೆಯಲಾಗಿದೆ. ಇಂಥ ತಂತ್ರಾಂಶಕ್ಕೆ ಎರಡು ಬಾಗಿಲುಗಳಿರುತ್ತವೆ. ಗುಮಾಸ್ತ, ಕಾರ್ಯದರ್ಶಿ, ಮಾಲೀಕ ಎಲ್ಲರೂ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಬರುವ ಪರದೆಯ ಬಾಗಿಲು ಒಂದು. ಅಲ್ಲಿ ಯಾರು ಏನನ್ನು ನೋಡಬಹುದು, ಏನನ್ನು ತಿದ್ದಬಹುದು ಎಂಬುದನ್ನು ತಂತ್ರಾಂಶವೇ ನಿಂತು ವಿಚಾರಿಸುತ್ತದೆ. ಸರ್ವರ್ ಎಂದು ಕರೆಯಲಾಗುವ ಮೂಲ ಕಂಪ್ಯೂಟರಿಗೆ ನೇರವಾಗಿ ಅಕ್ಷರಗಳಲ್ಲಿ ಆಜ್ಞೆ ಬರೆದು ಕೆಲಸ ಮಾಡಿಸುವ ಕಮಾಂಡ್ ಲೈನ್ ಎಂಬುದು ಇನ್ನೊಂದು ಬಾಗಿಲು; ಅಲ್ಲಿ ವಿಚಾರಿಸುವ ಕಾವಲುಗಾರನನ್ನೇ ಬದಲಿಸುವ ಶಕ್ತಿ ಇರುತ್ತದೆ. ಮೊದಲನೆಯ ಬಾಗಿಲಿನ ಕಾವಲಿನ ಬಗ್ಗೆ ತರಬೇತಿ, ಸುತ್ತೋಲೆ, ಕೈಪಿಡಿಗಳು ಬೇಕಾದಷ್ಟಿವೆ. ಎರಡನೆಯದರ ಕೀಲಿಕೈ ಯಾರ ಹತ್ತಿರ ಇದೆ ಎಂಬ ಪ್ರಶ್ನೆ ಮಾತ್ರ ಸಣ್ಣ ಊರುಗಳ ಸಂಸ್ಥೆಗಳಲ್ಲಿ ಕೇಳಿಬರುವುದೇ ಅಪರೂಪ. ಅರಕಲಗೂಡು ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೊಣನೂರಿನಂಥ ಊರನ್ನು ಕಣ್ಣಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಕಮಾಂಡ್ ಲೈನಿನ ಅಧಿಕಾರವನ್ನು ತಂತ್ರಾಂಶದ ಒಳಗಿನ ಯಾವ ನಿಯಮವೂ ಕಟ್ಟಿಹಾಕಲಾರದಾದ್ದರಿಂದ ಅದನ್ನು ಕಟ್ಟಬೇಕಾದದ್ದು ತಂತ್ರಾಂಶದ ಹೊರಗೆ, ಸಂಸ್ಥೆಯ ನಡವಳಿ ಪುಸ್ತಕದಲ್ಲಿ ಮತ್ತು ತಿಜೋರಿಯಲ್ಲಿ, ಎಂಬುದು ಇಲ್ಲಿನ ವಾದ.

ಬರೆಯುವವನೂ ಕಾಯುವವನೂ ಒಬ್ಬನೇ ಆದಾಗ ದಾಖಲೆಗೆ ಏನಾಗುತ್ತದೆ ಎಂಬುದು ಹಳೆ ಮೈಸೂರು ಸೀಮೆಗೆ ಹೊಸ ಪ್ರಶ್ನೆಯೇನಲ್ಲ. ಶಾನುಭೋಗಿಕೆ ವಂಶಪಾರಂಪರ್ಯವಾಗಿದ್ದ ಕಾಲದಲ್ಲಿ ಊರಿನ ಜಮೀನಿನ ಲೆಕ್ಕ ಒಂದು ಮನೆತನದ ಕೈಬರಹದಲ್ಲಿ, ಬಹುಮಟ್ಟಿಗೆ ಅದೇ ಮನೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಆ ಹಕ್ಕು ಹೋಯಿತು; ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಹುದ್ದೆಯ ಸ್ವರೂಪ ಬದಲಾಯಿತೇ ಹೊರತು ದಾಖಲೆಯ ಸ್ವರೂಪ ಬದಲಾಗಲಿಲ್ಲ, ಏಕೆಂದರೆ ಪಹಣಿಯ ಪುಸ್ತಕ ಮತ್ತೆ ಒಬ್ಬನ ಕೈಯಲ್ಲೇ ಉಳಿಯಿತು. 2000ದ ಆಚೀಚೆ ಕರ್ನಾಟಕ ಸರ್ಕಾರ ಕೈಗೊಂಡ ‘ಭೂಮಿ’ ಯೋಜನೆ ಬದಲಿಸಿದ್ದು ಇದನ್ನು. ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿ ಚದುರಿಹೋಗಿದ್ದ, ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ 2 ಕೋಟಿಯಷ್ಟು ದಾಖಲೆಗಳನ್ನು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ತಂದು, ಕೈಬರಹದ ಪಹಣಿಯ ಮಾನ್ಯತೆಯನ್ನು ತೆಗೆದುಹಾಕಿ, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ಕಟ್ಟಳೆಯನ್ನು ತಂತ್ರಾಂಶದಲ್ಲೇ ಹೆಣೆಯಲಾಯಿತು. ಅದಕ್ಕಿಂತ ಮುಖ್ಯವಾಗಿ, ದಾಖಲೆ ತಿದ್ದುವ ನೌಕರ ಪಾಸ್‌ವರ್ಡಿನ ಬದಲು ಬೆರಳಚ್ಚು ಕೊಟ್ಟು ಒಳಬರಬೇಕಾಯಿತು. ಪಾಸ್‌ವರ್ಡನ್ನು ಮತ್ತೊಬ್ಬನಿಗೆ ಹೇಳಿಕೊಟ್ಟು ಆಮೇಲೆ ‘ನಾನಲ್ಲ’ ಎನ್ನಬಹುದು, ಬೆರಳನ್ನು ಹಾಗೆ ಸಾಲ ಕೊಡಲಾಗದು.

ಈ ಸಾಧನೆಯನ್ನು ಕಡಿಮೆ ಮಾಡಿ ಹೇಳುವ ಕಾರಣವಿಲ್ಲ. ಆದರೆ ಬೆರಳಚ್ಚಿನ ನಿಯಮ ಪರದೆಯ ಬಾಗಿಲಿನ ನಿಯಮವೆಂಬುದನ್ನು ಗಮನಿಸಬೇಕು. ‘ಭೂಮಿ’ಯಾಗಲಿ ಬೇರಾವ ತಂತ್ರಾಂಶವಾಗಲಿ, ತನ್ನ ಮೂಲಕ ಒಳಬಂದವರಿಗಷ್ಟೇ ತನ್ನ ಕಟ್ಟಳೆಯನ್ನು ಅನ್ವಯಿಸಬಲ್ಲದು, ದತ್ತಾಂಶಕೋಶದ ಮುಂದೆ ನೇರವಾಗಿ ಕೂತವರಿಗೆ ಅದರ ಸರದಿಯೂ ಕಾಣಿಸದು, ಬೆರಳಚ್ಚಿನ ಯಂತ್ರವೂ ಅಡ್ಡಬಾರದು. ಆದ್ದರಿಂದಲೇ ಅಂಥ ದೊಡ್ಡ ವ್ಯವಸ್ಥೆಗಳಲ್ಲಿ ಸರ್ವರನ್ನು ನೋಡಿಕೊಳ್ಳುವವರು ಬೇರೆ, ದಾಖಲೆಯನ್ನು ಅನುಮೋದಿಸುವವರು ಬೇರೆ ಆಗಿರಬೇಕೆಂಬ ತತ್ವ ಮೂಡಿದೆ. ಹತ್ತು ಜನ ನೌಕರರೂ ಇಲ್ಲದ ಸಂಸ್ಥೆಯಲ್ಲಿ ಈ ತತ್ವವನ್ನು ಉಳಿಸಿಕೊಳ್ಳುವುದು ಹೇಗೆ ಎಂಬಲ್ಲಿಂದ ತೊಡಕು ಶುರುವಾಗುತ್ತದೆ.

ಸರ್ಕಾರಿ ಖಜಾನೆಗಳಲ್ಲಿ ಇದಕ್ಕೊಂದು ಹಳೆಯ ಉತ್ತರವಿದೆ. ಭದ್ರತಾ ಕೊಠಡಿಗೆ ಜೋಡಿ ಬೀಗ ಹಾಕಿ, ಒಂದರ ಕೀಲಿಕೈಯನ್ನು ಖಜಾನೆ ಅಧಿಕಾರಿಯೂ ಇನ್ನೊಂದರದನ್ನು ಮತ್ತೊಬ್ಬ ಜವಾಬ್ದಾರಿಯ ನೌಕರನೂ ಇಟ್ಟುಕೊಳ್ಳುತ್ತಾರೆ. ಇಬ್ಬರೂ ಬಾರದೆ ಬಾಗಿಲು ತೆರೆಯದು, ತೆರೆದ ಹೊತ್ತು ಪುಸ್ತಕದಲ್ಲಿ ಬರೆಯದೆ ಮುಚ್ಚದು. ಮುಜರಾಯಿ ದೇವಸ್ಥಾನದ ಹುಂಡಿಯನ್ನು ಒಬ್ಬರೇ ಬಿಚ್ಚಿ ಎಣಿಸುವುದಿಲ್ಲವೆಂಬುದೂ ಇದೇ ವಿವೇಕದ ಇನ್ನೊಂದು ರೂಪ. ಕಂಪ್ಯೂಟರ್ ವಿಜ್ಞಾನ ಈ ವಿವೇಕವನ್ನು ತನ್ನ ಭಾಷೆಯಲ್ಲಿ ಬರೆದುಕೊಂಡಿದ್ದು 1975ರಲ್ಲಿ. ಕಂಪ್ಯೂಟರಿನಲ್ಲಿರುವ ಮಾಹಿತಿಯ ರಕ್ಷಣೆಯನ್ನು ಕುರಿತು ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಆ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ತತ್ವಗಳು ಇಲ್ಲಿಗೆ ಸಲ್ಲುತ್ತವೆ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವನ್ನು ಕೊಡಬೇಕು, ಅದಕ್ಕಿಂತ ಗುಲಗಂಜಿಯಷ್ಟೂ ಹೆಚ್ಚಿಗೆ ಕೊಡಬಾರದು ಎಂಬುದು ಒಂದು. ಎರಡು ಕೀಲಿಕೈ ಬೇಕಾಗುವ ರಕ್ಷಣೆ ಒಂದೇ ಕೀಲಿಕೈಯ ರಕ್ಷಣೆಗಿಂತ ಗಟ್ಟಿ, ಏಕೆಂದರೆ ಒಬ್ಬನ ಅಚಾತುರ್ಯವೋ ವಂಚನೆಯೋ ಅದನ್ನು ಮುರಿಯಲು ಸಾಲದು ಎಂಬುದು ಮತ್ತೊಂದು. ಎರಡನೆಯದನ್ನು ಕಂಪ್ಯೂಟರಿಗೆ ಹೊಂದಿಸಿ ತೋರಿಸಿದವರು ರೋಜರ್ ನೀಢಮ್ ಎಂದು ಆ ಪ್ರಬಂಧವೇ ಹೇಳುತ್ತದೆ. ಖಜಾನೆಯ ಜೋಡಿ ಬೀಗವನ್ನು ಕಂಡವರಿಗೆ ಈ ತತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಪ್ರಬಂಧಕ್ಕಿಂತ ಮೊದಲೇ ಹುಟ್ಟಿದ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಮತ್ತು ಅದರ ಜಾಡಿನಲ್ಲಿ ಬಂದ ಲಿನಕ್ಸ್, ‘ರೂಟ್’ ಎಂಬ ಒಬ್ಬನೇ ಸರ್ವಾಧಿಕಾರಿಯನ್ನು ಇಟ್ಟುಕೊಂಡಿವೆ. ಇಂದಿನ ವ್ಯವಹಾರ ತಂತ್ರಾಂಶಗಳಲ್ಲಿ ಬಹಳಷ್ಟು ಓಡುವುದು ಲಿನಕ್ಸ್ ಸರ್ವರುಗಳ ಮೇಲೆಯೇ.

ಕನ್ನಡ ನಾಡಿನ ಅಂಗಡಿಗಳಿಗೆ ವ್ಯವಹಾರ ತಂತ್ರಾಂಶವೆಂದರೆ ಮೊದಲು ನೆನಪಾಗುವುದು ಟ್ಯಾಲಿ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರುಮಾಡಿ ಬೆಂಗಳೂರಿನಲ್ಲಿ ನೆಲೆಯೂರಿದ ಈ ಉದ್ಯಮದ ತಂತ್ರಾಂಶ ಆರಂಭದಲ್ಲಿ ಕಪ್ಪು ಪರದೆಯ ಡಾಸ್ ವ್ಯವಸ್ಥೆಯ ಮೇಲೆ ಓಡುತ್ತಿತ್ತು. ಗೊಬ್ಬರದಂಗಡಿಯ ಲೆಕ್ಕದವರಲ್ಲಿ ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ವೋಚರು ಹಾಕುವ ಕೈಚಳಕ ಇಂದಿಗೂ ಉಳಿದಿರುವುದು ಆ ಕಾಲದ ಬಳುವಳಿ. ಕಡತವನ್ನು ಗೂಢಲಿಪಿಗೆ ತಿರುಗಿಸಿಡುವ ಟ್ಯಾಲಿವಾಲ್ಟ್ ಸೌಲಭ್ಯವನ್ನು ಬಳಸಿದಲ್ಲಿ ಅದರ ಪಾಸ್‌ವರ್ಡ್ ಮರೆತರೆ ದತ್ತಾಂಶವನ್ನು ಮರಳಿ ಪಡೆಯುವ ದಾರಿಯೇ ಇಲ್ಲ. ಇದು ಅದರ ಕೊರತೆಯಲ್ಲ, ಗಟ್ಟಿತನದ ಗುರುತು. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶ ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ಉಳಿಸಬೇಕು ಮತ್ತು ಆ ಜಾಡನ್ನು ಯಾರೂ ನಿಲ್ಲಿಸಲಾಗಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಟ್ಯಾಲಿಯ ಎಡಿಟ್ ಲಾಗ್ ಆವೃತ್ತಿ ಅದಕ್ಕೆ ಉತ್ತರವಾಗಿ ಬಂದದ್ದು. ಆದರೆ ಆ ನಿಯಮ ಹೊರಟಿರುವುದು ಕಂಪನಿ ಕಾಯ್ದೆಯಿಂದ. ಪಾಲುದಾರಿಕೆಯ ಅಂಗಡಿಗಾಗಲಿ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಾಯಿತವಾದ ಸಂಘಕ್ಕಾಗಲಿ ಅದು ತಾನಾಗಿ ಅನ್ವಯವಾಗದು; ಹೋಬಳಿ ಊರುಗಳ ವ್ಯವಹಾರದ ಹೆಚ್ಚಿನ ಪಾಲು ಇರುವುದು ಅಂಥವರ ಕೈಯಲ್ಲೇ.

ಕಮಾಂಡ್ ಲೈನಿನ ಅಧಿಕಾರ ಎಷ್ಟು ದೂರ ಹೋಗುತ್ತದೆಂಬುದನ್ನು ತೋರಿಸಲು ಇಆರ್‌ಪಿನೆಕ್ಸ್ಟ್ ತಕ್ಕ ಉದಾಹರಣೆ. ಮುಂಬಯಿಯಲ್ಲಿ ರುಷಭ್ ಮೆಹ್ತಾ ಆರಂಭಿಸಿದ ಫ್ರಾಪೆ ಸಂಸ್ಥೆಯ ಈ ತಂತ್ರಾಂಶದ ಮೂಲಸಂಕೇತ ಎಲ್ಲರಿಗೂ ತೆರೆದಿರುವುದರಿಂದ ಅದರ ನಡೆಯನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು. ಅದನ್ನು ಸ್ಥಾಪಿಸುವಾಗಲೇ ‘ಅಡ್ಮಿನಿಸ್ಟ್ರೇಟರ್’ ಎಂಬ ಬಳಕೆದಾರ ಹುಟ್ಟುತ್ತಾನೆ; ಅನುಮತಿಯ ಪರೀಕ್ಷೆಗಳು ಅವನನ್ನು ತಡೆಯುವುದಿಲ್ಲ, ಅವನನ್ನು ಅಳಿಸಲೂ ನಿಷ್ಕ್ರಿಯಗೊಳಿಸಲೂ ತಂತ್ರಾಂಶ ಒಪ್ಪುವುದಿಲ್ಲ. ಅವನ ಕೆಳಗೆ ‘ಸಿಸ್ಟಮ್ ಮ್ಯಾನೇಜರ್’ ಎಂಬ ಪಾತ್ರವಿದೆ. ಅದನ್ನು ಪಡೆದ ನೌಕರ ಇತರ ಬಳಕೆದಾರರನ್ನು ಸೇರಿಸಬಹುದು, ಅವರ ಅಧಿಕಾರವನ್ನು ಹೆಚ್ಚು ಕಡಿಮೆ ಮಾಡಬಹುದು. ಇಷ್ಟೆಲ್ಲ ಪರದೆಯ ಮೇಲಿನ ಲೋಕ. ಸರ್ವರಿನ ಕಮಾಂಡ್ ಲೈನಿನಲ್ಲಿ ‘ಬೆಂಚ್’ ಎಂಬ ಉಪಕರಣವಿದೆ. ಅದಕ್ಕೆ ‘ಸೆಟ್-ಅಡ್ಮಿನ್-ಪಾಸ್‌ವರ್ಡ್’ ಎಂದು ಹೇಳಿದರೆ ಹಳೆಯ ಪಾಸ್‌ವರ್ಡನ್ನು ಕೇಳದೆಯೇ ಅಡ್ಮಿನಿಸ್ಟ್ರೇಟರಿಗೆ ಹೊಸದನ್ನು ಕೊಡುತ್ತದೆ. ‘ಆಡ್-ಸಿಸ್ಟಮ್-ಮ್ಯಾನೇಜರ್’ ಎಂದರೆ ಹೊಸ ವ್ಯಕ್ತಿಯೊಬ್ಬನಿಗೆ ಆ ಪಾತ್ರವನ್ನು ಹೊದಿಸುತ್ತದೆ. ‘ಡಿಸೇಬಲ್-ಯೂಸರ್’ ಒಬ್ಬನ ಪ್ರವೇಶವನ್ನು ನಿಲ್ಲಿಸುತ್ತದೆ. ‘ಡಿಸ್ಟ್ರಾಯ್-ಆಲ್-ಸೆಷನ್ಸ್’ ಆ ಕ್ಷಣದಲ್ಲಿ ಒಳಗಿರುವ ಎಲ್ಲರನ್ನೂ ಹೊರಗೆ ಕಳಿಸುತ್ತದೆ. ಇವು ದುಷ್ಟ ಸಾಧನಗಳಲ್ಲ. ಏಕೈಕ ಅಡ್ಮಿನ್ ಪಾಸ್‌ವರ್ಡ್ ಮರೆತಾಗ, ಕೆಲಸ ಬಿಟ್ಟುಹೋದವನು ಕೀಲಿಕೈ ಕೊಡದೆ ಹೋದಾಗ, ಇಡೀ ಸಂಸ್ಥೆ ತನ್ನದೇ ಲೆಕ್ಕದಿಂದ ಹೊರಗುಳಿಯುವ ಸಂಕಟದಿಂದ ಪಾರುಮಾಡುವವು ಇವೇ. ತುರ್ತಿಗೆ ಬೇಕಾದ ಈ ದಾರಿ ವರ್ಷವಿಡೀ ತೆರೆದೇ ಇರುವುದು ಚಿಂತೆಯ ವಿಷಯ.

ಇನ್ನೂ ಒಂದು ಹೆಜ್ಜೆ ಕೆಳಗಿಳಿದರೆ ‘ಬೆಂಚ್ ಮಾರಿಯಾಡಿಬಿ’ ಎಂಬ ಆಜ್ಞೆ ದತ್ತಾಂಶಕೋಶದ ಎದುರಿಗೇ ನಿಲ್ಲಿಸುತ್ತದೆ. ಇಆರ್‌ಪಿನೆಕ್ಸ್ಟ್‌ನಲ್ಲಿ ಸಲ್ಲಿಕೆಯಾದ ಬಿಲ್ಲನ್ನು ಪರದೆಯ ಮೇಲೆ ಸುಮ್ಮನೆ ತಿದ್ದಲಾಗದು. ಅದನ್ನು ರದ್ದುಮಾಡಿ, ಹೊಸದನ್ನು ಬರೆದು, ಎರಡರ ನಂಟು ಉಳಿಯುವಂತೆ ಮಾಡಬೇಕು. ಆದರೆ ದತ್ತಾಂಶಕೋಶದಲ್ಲಿ ಈ ಸ್ಥಿತಿ ಬರಿಯ ಒಂದು ಅಂಕೆ: 0 ಎಂದರೆ ಕರಡು, 1 ಎಂದರೆ ಸಲ್ಲಿಕೆ, 2 ಎಂದರೆ ರದ್ದು. ಅಲ್ಲಿ ಕೂತವನು 1ನ್ನು 0 ಮಾಡಿದರೆ ಬಿಲ್ಲು ಮತ್ತೆ ಕರಡಾಗಿ ಕಾಣುತ್ತದೆ, ಆದರೆ ಖಾತೆ ಪುಸ್ತಕದಲ್ಲಿ ಅದು ಮೂಡಿಸಿದ್ದ ಸಾಲುಗಳು ಹಾಗೆಯೇ ನಿಂತಿರುತ್ತವೆ. ಯಾರು, ಯಾವಾಗ, ಏನು ಬದಲಿಸಿದರೆಂದು ತಂತ್ರಾಂಶ ಬರೆದಿಡುವ ಆವೃತ್ತಿ ದಾಖಲೆಯಲ್ಲಿ ಇದರ ಸುಳಿವೂ ಸಿಗದು, ಏಕೆಂದರೆ ಆ ದಾಖಲೆಯನ್ನು ಬರೆಯಬೇಕಾದ ತಂತ್ರಾಂಶದ ಕಣ್ಣಿಗೇ ಈ ಬದಲಾವಣೆ ಬಿದ್ದಿಲ್ಲ. ಪರಿಶೋಧಕ ಪರದೆಯ ಮೇಲಿನ ತಿದ್ದುಪಡಿ ಜಾಡನ್ನಷ್ಟೇ ನೋಡಿ ಸಹಿ ಹಾಕಿದರೆ ಆತ ಒಂದೇ ಬಾಗಿಲಿನ ಹಾಜರಿ ಪುಸ್ತಕವನ್ನು ನೋಡಿದಂತಾಯಿತು. ಬ್ಯಾಕಪ್ಪಿನ ವಿಷಯದಲ್ಲಿಯೂ ಇಂಥದೇ ಒಂದು ಅಪಾಯವಿದೆ, ಅದನ್ನು ಗಮನಿಸಿದವರು ಕಡಿಮೆ. ಜೂನ್ ತಿಂಗಳಲ್ಲಿ ಕೆಲಸ ಬಿಟ್ಟವನ ಪ್ರವೇಶವನ್ನು ನಿಲ್ಲಿಸಿ, ಜುಲೈನಲ್ಲಿ ಡಿಸ್ಕ್ ಕೆಟ್ಟು ಮೇ ತಿಂಗಳ ಬ್ಯಾಕಪ್ಪನ್ನು ಮರಳಿ ಏರಿಸಿದರೆ, ಮೇ ತಿಂಗಳ ಲೆಕ್ಕದ ಜೊತೆಗೆ ಮೇ ತಿಂಗಳ ಬಳಕೆದಾರರ ಪಟ್ಟಿಯೂ ಬರುತ್ತದೆ; ಹೋದವನು ತನ್ನ ಹಳೆಯ ಪಾಸ್‌ವರ್ಡಿನೊಂದಿಗೆ ಮತ್ತೆ ಅಧಿಕಾರಸ್ಥನಾಗಿರುತ್ತಾನೆ.

ರೂಟ್ ಎಂಬ ಏಕಾಧಿಪತ್ಯದ ಕಟುತನವನ್ನು ತಗ್ಗಿಸಲು ಬಂದ ಉಪಾಯ ‘ಸುಡೊ’. 1980ರ ಸುಮಾರಿಗೆ ಅಮೆರಿಕದ ಬಫಲೊ ನಗರದ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ರೂಪಿಸಿದ ಈ ಸಾಧನದಿಂದ, ಪ್ರತಿಯೊಬ್ಬ ನಿರ್ವಾಹಕ ತನ್ನ ಸ್ವಂತ ಹೆಸರಿನಲ್ಲಿ ಒಳಬಂದು, ತನ್ನದೇ ಪಾಸ್‌ವರ್ಡ್ ಕೊಟ್ಟು, ಒಂದೊಂದು ಆಜ್ಞೆಗಷ್ಟೇ ರೂಟಿನ ಅಧಿಕಾರವನ್ನು ಎರವಲು ಪಡೆಯುತ್ತಾನೆ. ಯಾರಿಗೆ ಯಾವ ಆಜ್ಞೆ ಸಲ್ಲುತ್ತದೆಂಬ ಪಟ್ಟಿ ಒಂದು ಕಡತದಲ್ಲಿರುತ್ತದೆ, ಎರವಲು ಪಡೆದ ಪ್ರತಿ ಸಲವೂ ಒಂದು ಸಾಲು ದಾಖಲಾಗುತ್ತದೆ. ಪಾಸ್‌ವರ್ಡ್ ಟೈಪಿಸುವಾಗ ಪರದೆಯ ಮೇಲೆ ಚುಕ್ಕಿಯೂ ಮೂಡದಿರುವುದನ್ನು ಕಂಡು ಕೀಲಿಮಣೆ ಕೆಟ್ಟಿದೆಯೆಂದುಕೊಳ್ಳುವ ಹೊಸಬರು ಎಲ್ಲೆಡೆ ಇದ್ದಾರೆ, ಅದು ಬೇಕೆಂದೇ ಮಾಡಿದ ಏರ್ಪಾಡು. ಅದೇ ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲೇ ಬರೆದುಬಿಟ್ಟರೆ ಅದು ಆಜ್ಞೆಗಳ ಇತಿಹಾಸದ ಕಡತದಲ್ಲಿ ಬಟ್ಟಬಯಲಾಗಿ ಉಳಿಯುತ್ತದೆ. ಸುಡೊದ ಮಿತಿಯನ್ನೂ ಹೇಳಬೇಕು. ‘ಸುಡೊ ಬ್ಯಾಶ್’ ಎಂದು ಪೂರ್ಣಾಧಿಕಾರದ ಕಿಟಕಿಯನ್ನೇ ತೆರೆದುಕೊಂಡವನ ವಿಷಯದಲ್ಲಿ, ವಿಶೇಷ ಏರ್ಪಾಡಿಲ್ಲದಿದ್ದರೆ, ಕಿಟಕಿ ತೆರೆದದ್ದಷ್ಟೇ ದಾಖಲಾಗುತ್ತದೆ. ಒಳಗೆ ಮಾಡಿದ್ದು ಆಗದು. ಪೂರ್ಣಾಧಿಕಾರ ಪಡೆದವನು ಆ ದಾಖಲೆಯನ್ನೇ ಅಳಿಸಬಲ್ಲನಾದ್ದರಿಂದ ಅದರ ಪ್ರತಿ ಆ ಕ್ಷಣವೇ ಇನ್ನೊಂದು ಕಂಪ್ಯೂಟರಿಗೆ, ಇನ್ನೊಬ್ಬರ ಸುಪರ್ದಿಗೆ ಹೋಗಬೇಕು.

ಈಗ ಕಾವೇರಿ ದಂಡೆಯ ಊರಿಗೆ ಬರಬಹುದು. ಕೊಣನೂರಿನ ಸುತ್ತಮುತ್ತ ದಾಖಲೆಯ ಮೇಲೆ ನಿಂತಿರುವ ಬದುಕು ಕಡಿಮೆಯೇನಲ್ಲ: ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಗೆ ಬೇಲ್ ಒಯ್ಯುವ ರೈತ, ನಾಡ ಕಚೇರಿಯಲ್ಲಿ ಪಹಣಿಗೆ ನಿಂತವನು, ಹಾಸನ ಹಾಲು ಒಕ್ಕೂಟಕ್ಕೆ ಸೇರಿದ ಸಂಘಕ್ಕೆ ಮುಂಜಾನೆ ಸಂಜೆ ಹಾಲು ಹಾಕುವವಳು, ಎಲ್ಲರೂ ತಮಗೆ ಕಾಣದ ಯಾವುದೋ ಸರ್ವರಿನ ಅಂಕಿಗಳನ್ನು ನಂಬಿದವರು. ಹಾಲಿನ ಸಂಘದ್ದೇ ಬಹಳ ತಿಳಿಯಾದ ನಿದರ್ಶನ. ಯಂತ್ರವು ಹಾಲಿನ ತೂಕ ಮತ್ತು ಫ್ಯಾಟ್ ಅಳೆದು, ಒಳಗಿರುವ ದರಪಟ್ಟಿಗೆ ಹೊಂದಿಸಿ, ಚೀಟಿಯಲ್ಲಿ ಹಣ ಮುದ್ರಿಸುತ್ತದೆ. ದಿನದ ಕೆಲಸಗಾರ ಅಳೆಯಬಲ್ಲ, ದರಪಟ್ಟಿಯನ್ನು ಮುಟ್ಟಲಾರ. ದರಪಟ್ಟಿಯನ್ನು ಬದಲಿಸುವ ಅಧಿಕಾರ ಅಡ್ಮಿನ್ ಪಾಸ್‌ವರ್ಡ್ ಬಲ್ಲವನದು. ಫ್ಯಾಟಿನ ಒಂದು ದಶಾಂಶಕ್ಕೆ ಕಟ್ಟುವ ಬೆಲೆಯಲ್ಲಿ ಕೆಲವೇ ಪೈಸೆ ವ್ಯತ್ಯಾಸವಾದರೂ ಅದು ಪ್ರತಿ ಮನೆಯ ಬಟವಾಡೆಯಲ್ಲಿ ಹರಡಿಹೋಗುವುದರಿಂದ ಯಾವೊಬ್ಬರ ಕಣ್ಣಿಗೂ ಬೀಳದು. ಆದ್ದರಿಂದ ಆ ಪಾಸ್‌ವರ್ಡ್ ತಿಜೋರಿಯ ಕೀಲಿಕೈಗಿಂತ ಹಗುರಾದದ್ದಲ್ಲ.

ಇಂಥ ಸಂಸ್ಥೆಗಳಲ್ಲಿ ಆ ಕೀಲಿಕೈ ಸಾಮಾನ್ಯವಾಗಿ ಊರಿನಲ್ಲೇ ಇರುವುದಿಲ್ಲ. ತಂತ್ರಾಂಶ ಹಾಕಿಕೊಟ್ಟವರು ಹಾಸನದಲ್ಲೋ ಮೈಸೂರಿನಲ್ಲೋ ಇರುತ್ತಾರೆ. ತೊಂದರೆಯಾದರೆ ಕಾರ್ಯದರ್ಶಿ ಫೋನ್ ಮಾಡುತ್ತಾನೆ, ಅವರು ದೂರದಿಂದಲೇ ಒಳಬಂದು ಸರಿಮಾಡುತ್ತಾರೆ. 1995ರಲ್ಲಿ ಫಿನ್ಲೆಂಡಿನ ತತು ಯಲೊನೆನ್ ರೂಪಿಸಿದ ಎಸ್‌ಎಸ್‌ಎಚ್ ಎಂಬ ವಿಧಾನದಲ್ಲಿ, ಒಳಬರಬಹುದಾದವರ ಅಂಕೀಯ ಕೀಲಿಕೈಗಳನ್ನು ಸರ್ವರಿನ ಒಂದು ಕಡತದಲ್ಲಿ ಸಾಲಾಗಿ ಬರೆದಿಡಲಾಗುತ್ತದೆ. ಆ ಕಡತದಲ್ಲಿ ಎಷ್ಟು ಸಾಲುಗಳಿವೆ, ಪ್ರತಿಯೊಂದೂ ಯಾರದು ಎಂದು ಹೇಳಬಲ್ಲ ಆಡಳಿತ ಮಂಡಳಿ ಸಿಗುವುದು ವಿರಳ. ಇದು ಮಂಡಳಿಯವರ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ ಸಂಘದಿಂದ ಇಂದಿನವರೆಗೆ ಸಹಕಾರ ಚಳವಳಿ ರೈತರಿಗೆ ಠರಾವು ಬರೆಯುವುದನ್ನೂ ಲೆಕ್ಕ ಕೇಳುವುದನ್ನೂ ಕಲಿಸಿದೆ. ಸರ್ವರಿನ ಲೆಕ್ಕವನ್ನು ಹೇಗೆ ಕೇಳಬೇಕೆಂದು ಅವರಿಗೆ ಯಾರೂ ಅವರ ಭಾಷೆಯಲ್ಲಿ ಹೇಳಿಕೊಟ್ಟಿಲ್ಲ.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣ ಈ ಚಿತ್ರವನ್ನು ಬದಲಿಸುತ್ತಿದೆ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದಾಗ ಈ ಯೋಜನೆಯ ಗಾತ್ರ 63,000 ಸಂಘಗಳು ಮತ್ತು 2,516 ಕೋಟಿ ರೂಪಾಯಿ. ನಬಾರ್ಡ್ ಮೂಲಕ ದೇಶಕ್ಕೆಲ್ಲ ಒಂದೇ ಮಾದರಿಯ ತಂತ್ರಾಂಶವನ್ನು ಕ್ಲೌಡ್‌ನಲ್ಲಿ, ಅಂದರೆ ದೂರದ ದತ್ತಾಂಶ ಕೇಂದ್ರದಲ್ಲಿಟ್ಟು, ಒದಗಿಸುವುದು ಅದರ ಉದ್ದೇಶ. ಇದರಿಂದ ಕಮಾಂಡ್ ಲೈನಿನ ಬಾಗಿಲು ಸ್ಥಳೀಯ ಗುತ್ತಿಗೆದಾರನ ಕೈಯಿಂದ ತಪ್ಪಿ ದೊಡ್ಡ ಸಂಸ್ಥೆಯ ಶಿಸ್ತಿಗೆ ಒಳಪಡುತ್ತದೆ, ಅದು ನಿಜವಾದ ಲಾಭ. ಆದರೆ ಸಂಘದೊಳಗೆ ಬಳಕೆದಾರರ ಹೆಸರು, ಪಾತ್ರಗಳನ್ನು ಹಂಚುವ ಕೆಲಸ ಉಳಿದೇ ಉಳಿಯುತ್ತದೆ. ಕಾರ್ಯದರ್ಶಿಯ ಲಾಗಿನ್ನಿನಲ್ಲೇ ಗುಮಾಸ್ತನೂ ಕೆಲಸ ಮಾಡುವ ರೂಢಿ ಬೆಳೆದರೆ ಬರೆಯುವವನೂ ಒಪ್ಪುವವನೂ ಮತ್ತೆ ಒಬ್ಬನೇ ಆಗುತ್ತಾನೆ.

ಸ್ವಂತ ಸರ್ವರ್ ಇಟ್ಟುಕೊಂಡ ಸಂಘಕ್ಕೋ ಅಂಗಡಿಗೋ ಮಾಡಬಹುದಾದ ಏರ್ಪಾಡು ದುಬಾರಿಯದಲ್ಲ. ಅಡ್ಮಿನಿಸ್ಟ್ರೇಟರ್ ಮತ್ತು ರೂಟ್ ಎಂಬ ಹೆಸರುಗಳಲ್ಲಿ ದಿನದ ಕೆಲಸ ಮಾಡುವುದನ್ನು ನಿಲ್ಲಿಸಿ, ಅವುಗಳ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ಅಧ್ಯಕ್ಷ ಮತ್ತು ಕಾರ್ಯದರ್ಶಿ ಇಬ್ಬರೂ ಬಂದರಷ್ಟೇ ತೆರೆಯುವ ತಿಜೋರಿಗೆ ಸೇರಿಸಬೇಕು. ಹೊರಗಿನ ತಂತ್ರಜ್ಞನಿಗೆ ಅವನ ಹೆಸರಿನದೇ ಖಾತೆ, ಸುಡೊದಲ್ಲಿ ಅವನ ಕೆಲಸಕ್ಕೆ ಬೇಕಾದ ಆಜ್ಞೆಗಳಷ್ಟೇ ಇರಬೇಕು. ಅವನ ಕೀಲಿಕೈಯನ್ನು ಸೇರಿಸಿದ್ದೂ ತೆಗೆದದ್ದೂ ಠರಾವಿನ ಮೂಲಕವೇ ಆಗಬೇಕು. ಬ್ಯಾಕಪ್ ಮರಳಿ ಏರಿಸಿದ ದಿನವೇ ಬಳಕೆದಾರರ ಪಟ್ಟಿಯನ್ನು ಓದಿ ನೋಡಬೇಕು. ದಾಖಲೆಗಳ ಆಯುಸ್ಸಿನ ವಿಷಯವಂತೂ ಬಹಳ ಮುಖ್ಯ: ಉಬುಂಟು ಎಂಬ ಜನಪ್ರಿಯ ಲಿನಕ್ಸ್‌ನಲ್ಲಿ ಪ್ರವೇಶದ ದಾಖಲೆ ವಾರಕ್ಕೊಮ್ಮೆ ಮಗುಚಿ, ಮೊದಲಿನ ಹೊಂದಿಕೆಯಲ್ಲಿ ಸುಮಾರು ನಾಲ್ಕು ವಾರದಷ್ಟು ಹಿಂದಿನದು ಮಾತ್ರ ಉಳಿಯುತ್ತದೆ. ದೇಶದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ 180 ದಿನಗಳ ದಾಖಲೆಯನ್ನು ಕಾಪಾಡಬೇಕೆನ್ನುತ್ತದೆ. ಸಹಕಾರ ಸಂಘದ ಲೆಕ್ಕ ಪರಿಶೋಧನೆ ನಡೆಯುವುದು ಮಾರ್ಚ್ ಮುಗಿದ ಮೇಲೆ; 180 ದಿನದ ಗಡುವನ್ನಷ್ಟೇ ಪಾಲಿಸಿದರೆ ಆ ವರ್ಷದ ಏಪ್ರಿಲ್, ಮೇ ತಿಂಗಳ ಪ್ರವೇಶದ ದಾಖಲೆಗಳು ಪರಿಶೋಧಕ ಬರುವ ಮೊದಲೇ ಅಳಿದಿರುತ್ತವೆ. ಆದ್ದರಿಂದ ಸಂಘಗಳಿಗೆ ಪರಿಶೋಧನೆ ಮುಗಿಯುವವರೆಗೆ ಎಂಬುದೇ ಸರಿಯಾದ ಅವಧಿ.

ಲಕೋಟೆ ಒಡೆದ ಪ್ರತಿ ಸಲವೂ ನಡವಳಿ ಪುಸ್ತಕದಲ್ಲಿ ಕನ್ನಡದಲ್ಲಿ ಒಂದು ಟಿಪ್ಪಣಿ ಬೀಳಬೇಕು: ದಿನ, ಹೊತ್ತು, ಕೂತವನ ಹೆಸರು, ಕಾರಣ, ಕೊಟ್ಟ ಆಜ್ಞೆ, ಪಕ್ಕದಲ್ಲಿದ್ದವರ ಸಹಿ. ಪರಿಶೋಧಕ ಆ ಪುಸ್ತಕವನ್ನು ಸುಡೊ ದಾಖಲೆಯ ಪಕ್ಕದಲ್ಲಿಟ್ಟು ಸಾಲಿಗೆ ಸಾಲು ತಾಳೆ ನೋಡಬೇಕು. ಪುಸ್ತಕದಲ್ಲಿಲ್ಲದೆ ದಾಖಲೆಯಲ್ಲಿ ಮಾತ್ರ ಇರುವ ಸಾಲಿಗೆ ವಿವರಣೆ ಕೇಳಬೇಕು. ತಾಳೆ ನೋಡುವಾಗ ಒಂದು ಎಚ್ಚರ ಬೇಕು. ಬಾಡಿಗೆಗೆ ಪಡೆದ ಸರ್ವರುಗಳ ಗಡಿಯಾರ ಅನೇಕ ವೇಳೆ ಜಾಗತಿಕ ಕಾಲಮಾನದಲ್ಲಿರುತ್ತದೆ, ಭಾರತದ ಹೊತ್ತಿಗಿಂತ ಐದೂವರೆ ಗಂಟೆ ಹಿಂದೆ. ಏಪ್ರಿಲ್ 1ರ ಬೆಳಗಿನ ಜಾವ 2 ಗಂಟೆಗೆ ಕೊಣನೂರಿನಲ್ಲಿ ಕೂತು ಕೊಟ್ಟ ಆಜ್ಞೆ ಅಂಥ ದಾಖಲೆಯಲ್ಲಿ ಮಾರ್ಚ್ 31ರ ರಾತ್ರಿ 8 ಗಂಟೆ 30 ನಿಮಿಷಕ್ಕೆ, ಅಂದರೆ ಮುಗಿದುಹೋದ ಹಣಕಾಸು ವರ್ಷದೊಳಗೆ, ಬರೆದಿರುತ್ತದೆ.